ಟೊಂಕ ನೋವಿಗೂ ಹೃದಯದ ಕಾಯಿಲೆಗೂ ನಂಟಿದೆಯೇ?

ಇಳಕಲ್ಲಿನಲ್ಲಿ ಸೀರೆ ನೇಯುವ ನಿಮ್ಮ ತಂದೆಗೆ ವರ್ಷಗಟ್ಟಲೆ ಟೊಂಕ ನೋವು, ಈಗ ಬಿಪಿಯೂ ಬಂದಿದೆ, ಎರಡಕ್ಕೂ ಸಂಬಂಧ ಇರಬಹುದೇ ಎಂದು ಕೇಳಿದ್ದೀರಿ.

ಇರಬಹುದು. ಹಾಗಂತ ಟೊಂಕ ನೋವಿದ್ದವರಿಗೆಲ್ಲ ಹೃದಯದ ತೊಂದರೆ ಬರುತ್ತದೆ ಎಂದಲ್ಲ. ಕೆಳಬೆನ್ನಿಗೆ ರಕ್ತ ಒಯ್ಯುವ ಸಣ್ಣ ನಾಳಗಳು ಹೃದಯದಿಂದ ಹೊಟ್ಟೆಯೊಳಗೆ ಇಳಿದು ಬರುವ ದೊಡ್ಡ ರಕ್ತನಾಳವಾದ ಮಹಾಪಧಮನಿಯಿಂದ ಕವಲೊಡೆಯುತ್ತವೆ. ಬೆನ್ನುಮೂಳೆಗಳ ನಡುವೆ ಮೆತ್ತೆಯಂತಿರುವ ಡಿಸ್ಕಿಗೆ ಸ್ವಂತ ರಕ್ತನಾಳ ಇಲ್ಲವೆನ್ನುವಷ್ಟು ಕಡಿಮೆ. ಪಕ್ಕದ ಮೂಳೆಯಿಂದ ಒಸರಿ ಬಂದ ಪೋಷಣೆಯೇ ಅದಕ್ಕೆ ಆಧಾರ. ಮಹಾಪಧಮನಿಯಲ್ಲಿ ಕೊಬ್ಬು, ಸುಣ್ಣ ಕಟ್ಟಿದರೆ ಆ ಕವಲುಗಳ ಬಾಯಿ ಕಿರಿದಾಗಿ, ಡಿಸ್ಕಿಗೆ ಸಿಗುವ ಪೋಷಣೆ ಕಡಿಮೆಯಾಗಬಹುದು. ಅಮೆರಿಕದ ಫ್ರಾಮಿಂಗ್‌ಹ್ಯಾಮ್‌ನಲ್ಲಿ 1948ರಲ್ಲಿ ಶುರುವಾದ ಹೃದಯ ಅಧ್ಯಯನದಲ್ಲಿ ಪಾಲ್ಗೊಂಡವರ 25 ವರ್ಷ ಅಂತರದ ಎಕ್ಸ್-ರೇಗಳನ್ನು ಹೋಲಿಸಿದ 1997ರ ವರದಿ, ಹಾಗೆ ಸುಣ್ಣ ಕಟ್ಟಿದವರಲ್ಲಿ ಡಿಸ್ಕ್ ಸವೆತವೂ ಬೆನ್ನುನೋವೂ ಹೆಚ್ಚೆಂದು ಹೇಳಿತು. ಒಂದರಿಂದಲೇ ಇನ್ನೊಂದು ಬಂತು ಎನ್ನಲು ಇಷ್ಟು ಸಾಲದು. ಬೀಡಿ, ಬೊಜ್ಜು ಎರಡಕ್ಕೂ ಬೇರು.

ನನಗೆ ಹೆಚ್ಚು ಚಿಂತೆ ನೋವಿನ ಮಾತ್ರೆಯದು. ನಮ್ಮ ಕಾಕಾ ಕುಣಿಮಗ್ಗದಿಂದ ಮೇಲೇಳುವಾಗ ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈಯಿಂದ ಅಂಗಿ ಕಿಸೆಯ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆಯ ಹಾಳೆ ತಡಕುತ್ತಿದ್ದರು. ಡಾಕ್ಟರಿಂದ ಚೀಟಿ ಬರೆಸದೆ, ಅಂಗಡಿಯಲ್ಲಿ ಕೇಳಿ ತಂದದ್ದು. ಈ ಬಗೆಯ ಮಾತ್ರೆಗಳು ಬಿಪಿ ಏರಿಸುತ್ತವೆ, ಹೃದಯಾಘಾತದ ಅಪಾಯವನ್ನೂ ಹೆಚ್ಚಿಸುತ್ತವೆ. ಹೃದ್ರೋಗ ಇರುವವರು ಡೈಕ್ಲೋಫೆನಾಕ್ ತೆಗೆದುಕೊಳ್ಳಬಾರದೆಂದು ಯುರೋಪಿನ ಔಷಧ ನಿಯಂತ್ರಕರು 2013ರಲ್ಲೇ ಎಚ್ಚರಿಸಿದ್ದಾರೆ. ನಿಮ್ಮ ತಂದೆ ಏನು ನುಂಗುತ್ತಿದ್ದಾರೋ ಆ ಮಾತ್ರೆಗಳ ಖಾಲಿ ಹಾಳೆಗಳನ್ನೇ ಬಿಪಿ ನೋಡುವ ಡಾಕ್ಟರ ಮುಂದೆ ಇಡಿ.

ಬೆನ್ನುನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರುಗಟ್ಟುವಿಕೆ ಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.