ಕೆಜಿಎಫ್‌ನಿಂದ ಬರ್ಮಾಕ್ಕೆ ಹೋದ ಚಿಕ್ಕಜ್ಜನನ್ನು ಹುಡುಕುವುದು ಹೇಗೆ?

ಪ್ರಶ್ನೆ: ನಮ್ಮ ಅಜ್ಜ ಕೆಜಿಎಫ್‌ನ ಮಾರಿಕುಪ್ಪಂನಲ್ಲಿ ಗಣಿ ಕೆಲಸದಲ್ಲಿದ್ದರು. ಅವರ ತಮ್ಮ ಇನ್ನೂ ಮೀಸೆ ಚಿಗುರುವ ವಯಸ್ಸಿನಲ್ಲೇ ಮಿಲಿಟರಿಗೆ ಸೇರಿ, ಎರಡನೇ ಮಹಾಯುದ್ಧದಲ್ಲಿ ಬರ್ಮಾದಲ್ಲಿ ತೀರಿಕೊಂಡರಂತೆ. ಮನೆಯಲ್ಲಿ ಉಳಿದಿರುವುದು ನಕ್ಷತ್ರದ ಆಕಾರದ ಒಂದು ಮೆಡಲ್ ಮಾತ್ರ. ತೀರಿಕೊಂಡ ದಿನ ಗೊತ್ತಿಲ್ಲ, ಹಾಗಾಗಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತೇವೆ. ಇಂಟರ್ನೆಟ್‌ನಲ್ಲಿ ಹುಡುಕಿದರೆ ಅದೇ ಹೆಸರಿನವರು ಎಷ್ಟೋ ಜನ ಸಿಗುತ್ತಾರೆ. ಎಲ್ಲಿಂದ ಶುರು ಮಾಡಲಿ?
– ಓದುಗರು, ಬಂಗಾರಪೇಟೆ

ಉತ್ತರ: ಹೆಸರು ಹಿಡಿದು ಹುಡುಕುವುದನ್ನು ಸದ್ಯಕ್ಕೆ ಬಿಡಿ, ಮೊದಲು ಅವರ ಮಿಲಿಟರಿ ನಂಬರ್ ಬೇಕು. ಅದು ನಿಮ್ಮ ಮನೆಯಲ್ಲೇ ಇರುವ ಸಾಧ್ಯತೆ ಜಾಸ್ತಿ. ಆ ಮೆಡಲ್ ತಿರುಗಿಸಿ ನೋಡಿ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಕೊಟ್ಟ ನಕ್ಷತ್ರಗಳ ಹಿಂಭಾಗ ಖಾಲಿ, ಆದರೆ ಭಾರತೀಯ ಸೈನಿಕರಿಗೆ ಕೊಟ್ಟವುಗಳ ಮೇಲೆ ಸಾಮಾನ್ಯವಾಗಿ ನಂಬರ್, ಹುದ್ದೆ, ಹೆಸರು, ದಳ ಎಲ್ಲವನ್ನೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಕಿಟಕಿ ಹತ್ತಿರ ಸ್ವಲ್ಪ ಓರೆಯಾಗಿ ಹಿಡಿದು, ಮೊಬೈಲ್‌ನಲ್ಲಿ ಫೋಟೊ ತೆಗೆದು, ದೊಡ್ಡದು ಮಾಡಿ ಓದಿ. ಹೊಳೆಯಲಿ ಅಂತ ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ಅಕ್ಷರ ಸವೆದುಹೋದರೆ ಮತ್ತೆ ಬರುವುದಿಲ್ಲ. 'ಎಸ್‌ಪಿಆರ್' ಎಂದಿದ್ದರೆ ಸ್ಯಾಪರ್, ಅಂದರೆ ಎಂಜಿನಿಯರ್ ದಳದ ಸಿಪಾಯಿ, 'ಐ.ಇ.' ಎಂದಿದ್ದರೆ ಇಂಡಿಯನ್ ಎಂಜಿನಿಯರ್ಸ್.

ನಂಬರ್ ಸಿಕ್ಕ ಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್‌ನ ವೆಬ್‌ಸೈಟ್‌ಗೆ ಹೋಗಿ. ಎರಡೂ ಮಹಾಯುದ್ಧಗಳಲ್ಲಿ ಸತ್ತವರ ಪಟ್ಟಿ ಅಲ್ಲಿದೆ, ಹುಡುಕಲು ದುಡ್ಡು ಕೊಡಬೇಕಿಲ್ಲ. ಎರಡನೇ ಯುದ್ಧದ ಪಟ್ಟಿ 1947ರ ಡಿಸೆಂಬರ್ 31ರವರೆಗೂ ಇದೆ. ಗುಂಡೇಟಿಗೇ ಸತ್ತಿರಬೇಕು ಅಂತೇನೂ ಇಲ್ಲ, ಸೇವೆಯಲ್ಲಿದ್ದಾಗ ಮಲೇರಿಯಾ ಬಂದು ಹೋದವರೂ ಅದರಲ್ಲಿದ್ದಾರೆ. ನಮ್ಮವರಲ್ಲಿ ಒಂದೇ ಹೆಸರು ಅಲ್ವಾ, ಅದನ್ನು ಸರ್‌ನೇಮ್ ಜಾಗದಲ್ಲೇ ಹಾಕಿ. ಮುನಿಸ್ವಾಮಿ ಅಂತ ಇಟ್ಟುಕೊಳ್ಳಿ, ಆಗಿನ ಗುಮಾಸ್ತರು ಅದನ್ನು ಮುನಿಸಾಮಿ, ಮುನುಸ್ವಾಮಿ, ಮುನುಸಾಮಿ ಅಂತ ತಮಗೆ ಕೇಳಿಸಿದ ಹಾಗೆಲ್ಲ ಬರೆದಿರುತ್ತಾರೆ. ನಂಬರ್ ಮಾತ್ರ ಒಂದೇ.

ಇನ್ನೊಂದು ವಿಷಯ, ಕೆಜಿಎಫ್ ಕುಟುಂಬಗಳು ಎಡವುವುದೇ ಇಲ್ಲಿ. ಎಲ್ಲರೂ 'ಕೋಲಾರ' ಅಂತ ಹುಡುಕುತ್ತಾರೆ. ಆದರೆ ಗಣಿಗೆ ಬಂದವರಲ್ಲಿ ಬಹಳ ಜನ ಆಗಿನ ಮದ್ರಾಸ್ ಪ್ರಾಂತ್ಯದ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯವರು. ಭರ್ತಿ ಆಗುವಾಗ ಊರು ಯಾವುದು ಅಂತ ಕೇಳಿದರೆ ಗಣಿಯ ಲೈನ್ ಮನೆ ಹೇಳದೆ ಅಪ್ಪನ ಊರು ಹೇಳಿದವರು ಇದ್ದಾರೆ. ಹಾಗಾಗಿ ನಿಮ್ಮ ಚಿಕ್ಕಜ್ಜ ದಾಖಲೆಯಲ್ಲಿ ಮೈಸೂರು ಸಂಸ್ಥಾನದವರಾಗಿ ಇರದೆ ಉತ್ತರ ಆರ್ಕಾಟ್‌ನವರಾಗಿ ಇರಬಹುದು. ನಿಮ್ಮ ಮನೆದೇವರು ಯಾವ ಊರಲ್ಲಿದೆ ಅಂತ ಹಿರಿಯರನ್ನು ಕೇಳಿ ಇಟ್ಟುಕೊಳ್ಳಿ. ಕಮಿಷನ್ ದಾಖಲೆಯಲ್ಲಿ ಎಷ್ಟೋ ಸಲ ತಂದೆಯ ಹೆಸರು, ಊರು, ಜಿಲ್ಲೆ ಇರುತ್ತವೆ, ಅದಕ್ಕೆ ತಾಳೆ ನೋಡಬಹುದು.

ಬರ್ಮಾದಲ್ಲಿ ಸತ್ತು ಗೋರಿ ಎಲ್ಲಿದೆ ಎಂದು ತಿಳಿಯದ ಸುಮಾರು 27,000 ಜನರ ಹೆಸರು ಯಾಂಗೋನ್ (ಆಗಿನ ರಂಗೂನ್) ಹತ್ತಿರದ ಟೌಕ್ಯಾನ್ ಯುದ್ಧ ಸ್ಮಶಾನದ ರಂಗೂನ್ ಸ್ಮಾರಕದ ಕಲ್ಲುಗಳ ಮೇಲಿದೆ. ದಹನ ಮಾಡಿದ ಸೈನಿಕರಿಗೆ ಅಲ್ಲೇ ಬೇರೆ ಸ್ಮಾರಕವಿದೆ. ಗೋರಿ ಸಿಗಲಿಲ್ಲ ಅಂತ ಹುಡುಕಾಟ ನಿಲ್ಲಿಸಬೇಡಿ. ವೆಬ್‌ಸೈಟಿನಲ್ಲಿ ಅವರ ಹೆಸರಿನ ಜೊತೆ ಮರಣದ ತಾರೀಖು ಇರುತ್ತದೆ, ಆ ವರ್ಷದ ಪಂಚಾಂಗ ಹಿಡಿದರೆ ತಿಥಿಯೂ ಸಿಗುತ್ತದೆ. ಕಾಣೆಯಾದವರ ವಿಷಯದಲ್ಲಿ ಆ ತಾರೀಖು ಅಂದಾಜಿನದ್ದಾಗಿರಬಹುದು, ಅದಕ್ಕೆ ಚಿಂತೆ ಮಾಡಬೇಡಿ. ಇಷ್ಟು ವರ್ಷ ದಿನವೇ ಗೊತ್ತಿಲ್ಲದೆ ಎಡೆ ಇಟ್ಟ ಮನೆಗೆ ಅದೂ ದೊಡ್ಡದೇ.

ಸ್ಯಾಪರ್ ಅಂತ ಗೊತ್ತಾದರೆ ಬೆಂಗಳೂರಿನ ಹಲಸೂರು ಕೆರೆ ಹತ್ತಿರದ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ದಾಖಲೆ ಕಚೇರಿಗೆ ಪತ್ರ ಬರೆಯಿರಿ. ನಂಬರ್, ಮೆಡಲ್‌ನ ಫೋಟೊ, ನಿಮ್ಮ ಸಂಬಂಧ ತೋರಿಸುವ ಕಾಗದ ಜೊತೆಗಿಡಿ. ಅವರ ತಾಯಿಗೆ ಪಿಂಚಣಿ ಬರುತ್ತಿತ್ತಾ ಅಂತಲೂ ಮನೆಯಲ್ಲಿ ವಿಚಾರಿಸಿ, ಹಳೇ ಪಿಂಚಣಿ ಪುಸ್ತಕ ಟ್ರಂಕಿನ ತಳದಲ್ಲಿ ಸಿಕ್ಕರೆ ಅದರಲ್ಲೂ ನಂಬರ್ ಇರಬಹುದು.

ಅವರು ಸೈನ್ಯದ ಯಾವ ಕಂಪನಿಯಲ್ಲಿದ್ದರು, ಅಂದರೆ ಯಾವ ತುಕಡಿಯಲ್ಲಿದ್ದರು ಅಂತ ತಿಳಿದರೆ ಆಮೇಲೆ ವಾರ್ ಡೈರಿ, ಅಂದರೆ ಯುದ್ಧದ ಸಮಯದಲ್ಲಿ ಆ ದಳ ಬರೆದಿಟ್ಟ ದಿನಚರಿ, ಹುಡುಕಿ. ಬರ್ಮಾ ದಳಗಳ ಡೈರಿಗಳು ಲಂಡನ್‌ನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಡಬ್ಲ್ಯುಒ 172 ಎಂಬ ಸಾಲಿನಲ್ಲಿವೆ. ಅದರಲ್ಲಿ ಅಧಿಕಾರಿಗಳ ಹೆಸರು ಇರುತ್ತದೆ, ಸಾಮಾನ್ಯ ಸಿಪಾಯಿ ಹೆಚ್ಚಾಗಿ ಬರೀ ಲೆಕ್ಕದಲ್ಲಿ ಬರುತ್ತಾನೆ. ಇದು ನನಗೆ ಯಾವಾಗಲೂ ಸಂಕಟದ ವಿಷಯ. ಆದರೂ ಆ ದಿನ ಕಂಪನಿ ಎಲ್ಲಿತ್ತು, ಸೇತುವೆ ಕಟ್ಟುತ್ತಿತ್ತೋ ರಸ್ತೆ ಮಾಡುತ್ತಿತ್ತೋ ಅನ್ನುವುದು ಗೊತ್ತಾಗುತ್ತದೆ. 1944ರ ಡಿಸೆಂಬರ್‌ನಲ್ಲಿ ಕಲೇವಾ ಬಳಿ ಚಿಂದ್ವಿನ್ ನದಿಗೆ ಸಾವಿರ ಅಡಿಗೂ ಉದ್ದದ ಬೈಲಿ ಸೇತುವೆ (ಸಿದ್ಧ ಉಕ್ಕಿನ ಭಾಗಗಳನ್ನು ಜೋಡಿಸಿ ಮಾಡುವ ಸೇತುವೆ) ಹಾಕಿದ್ದು ಇಂಥ ಎಂಜಿನಿಯರ್ ದಳಗಳೇ. ಲಂಡನ್‌ನಲ್ಲಿ ನೆಂಟರೋ ಸ್ನೇಹಿತರೋ ಇದ್ದರೆ ಕೇಳಿನೋಡಿ. ರೀಡರ್ ಕಾರ್ಡ್ ಮಾಡಿಸಿಕೊಂಡರೆ ತಮ್ಮ ಫೋನಿನಲ್ಲೇ ಪುಟಗಳ ಫೋಟೊ ತೆಗೆದು ಕಳಿಸಬಹುದು.