ಗೊರಕೆ ನಿಂತಿದೆ, ಗಲ್ಲಾ ಇನ್ನೂ ತಮ್ಮನ ಕೈಯಲ್ಲಿದೆ

ಪ್ರಶ್ನೆ: ವಯಸ್ಸು 47, ಹಾವೇರಿಯಲ್ಲಿ ನಮ್ಮದು ಬಟ್ಟೆ ಅಂಗಡಿ. ಆರೇಳು ವರ್ಷ ಗಿರಾಕಿಗಳ ಎದುರೇ ತೂಕಡಿಸುತ್ತಿದ್ದೆ. ಒಮ್ಮೆ ಕಾರನ್ನು ರಸ್ತೆ ಬದಿಯ ಕಲ್ಲಿಗೆ ಗುದ್ದಿದೆ. ಎಲ್ಲರೂ ಸೋಮಾರಿ ಅಂದರು. ಲೆಕ್ಕಪತ್ರ ತಮ್ಮನ ಕೈಗೆ ಹೋಯಿತು, ಗೊರಕೆ ತಾಳದೆ ಹೆಂಡತಿ ಮಕ್ಕಳ ಕೋಣೆ ಸೇರಿದಳು. ಕೊನೆಗೆ ಸ್ಲೀಪ್ ಆಪ್ನಿಯಾ ಎಂದು ಗೊತ್ತಾಯಿತು. ಗಂಟೆಗೆ 41 ಸಲ ಉಸಿರು ಕಟ್ಟುತ್ತಿತ್ತಂತೆ. ನಾಲ್ಕು ತಿಂಗಳಿಂದ ಸಿಪ್ಯಾಪ್ ಮೆಷಿನ್ (ಮಾಸ್ಕ್ ಮೂಲಕ ಗಾಳಿ ಒತ್ತಿ ಗಂಟಲು ಮುಚ್ಚದಂತೆ ಇಡುವ ಯಂತ್ರ) ಹಾಕಿಕೊಂಡು ಮಲಗುತ್ತಿದ್ದೇನೆ, ಆರಾಮಾಗಿದ್ದೇನೆ. ಆದರೆ ಮನೆಯಲ್ಲಿ ಯಾರಿಗೂ ನನ್ನ ಮೇಲೆ ನಂಬಿಕೆಯಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಗಂಟೆಗೆ 30 ದಾಟಿದರೇ ತೀವ್ರ ಎನ್ನುತ್ತಾರೆ, ನಿಮ್ಮದು 41. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಆಮ್ಲಜನಕ ಇಳಿಯುತ್ತದೆ, ಮಿದುಳು ಬೆಚ್ಚಿ ಎಬ್ಬಿಸುತ್ತದೆ, ಮತ್ತೆ ಅದೇ, ರಾತ್ರಿಯಿಡೀ. ಬೆಳಿಗ್ಗೆ ಇದ್ಯಾವುದೂ ನೆನಪಿರುವುದಿಲ್ಲ. ಇಷ್ಟು ವರ್ಷ ನೀವು ಸರಿಯಾಗಿ ನಿದ್ದೆ ಮಾಡಿಯೇ ಇರಲಿಲ್ಲ, ಸೋಮಾರಿತನದ ಮಾತು ಎಲ್ಲಿಂದ ಬಂತು? ಇದನ್ನು ನೀವೇ ಹೇಳಿದರೆ ನೆಪ ಅನ್ನಿಸಬಹುದು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಹೆಂಡತಿಯನ್ನೂ ತಮ್ಮನನ್ನೂ ಕರೆದುಕೊಂಡು ಹೋಗಿ, ಡಾಕ್ಟರ ಬಾಯಿಂದಲೇ ಕೇಳಲಿ. ರಾತ್ರಿ ಎಷ್ಟು ಗಂಟೆ ಹಾಕಿದ್ದೀರಿ, ಈಗ ಎಷ್ಟು ಸಲ ಉಸಿರು ಕಟ್ಟುತ್ತಿದೆ ಎಂಬುದು ಸಾಮಾನ್ಯವಾಗಿ ಮೆಷಿನ್‌ನಲ್ಲೇ ದಾಖಲಾಗಿರುತ್ತದೆ. ಗಂಟೆಗೆ 5ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಅದನ್ನೂ ಅವರಿಗೆ ತೋರಿಸಿ.

ಕಾರಿನ ವಿಷಯಕ್ಕೆ ಆತುರ ಬೇಡ. ಮೆಷಿನ್ ಸರಿಯಾಗಿ ಬಳಸಿದರೂ ಕೆಲವರಿಗೆ ಹಗಲಿನ ಮಂಪರು ಉಳಿದುಬಿಡುತ್ತದೆ. ಟಿವಿ ನೋಡುವಾಗ, ಊಟವಾದ ಮೇಲೆ ಕಣ್ಣು ಎಳೆಯುತ್ತದಾ ಅಂತ ಡಾಕ್ಟರು ಕೇಳಿದರೆ ಇದ್ದದ್ದು ಇದ್ದ ಹಾಗೆ ಹೇಳಿ. ಅವರು ಸರಿ ಎನ್ನುವ ತನಕ ಹುಬ್ಬಳ್ಳಿ ಹೈವೇಗೆ ಇಳಿಯಬೇಡಿ, ಬೈಕೂ ಬೇಡ.

ಅಂಗಡಿಯನ್ನು ಒಂದೇ ಸಲಕ್ಕೆ ವಾಪಸ್ ಕೇಳಬೇಡಿ. ಇಷ್ಟು ವರ್ಷ ಹೊತ್ತವನು ತಮ್ಮ, ಅವನಿಗೂ ಅದರ ಮೇಲೆ ಅಭಿಮಾನ ಇರುತ್ತದಲ್ವಾ? ಮಧ್ಯಾಹ್ನ ಊಟವಾದ ಮೇಲಿನ ಎರಡು ಗಂಟೆ ಗಲ್ಲಾ ನನಗೆ ಬಿಡು ಅಂತ ಕೇಳಿ. ಬಹುಶಃ ನೀವು ಜಾಸ್ತಿ ತೂಕಡಿಸುತ್ತಿದ್ದದ್ದೂ ಆ ಹೊತ್ತಿನಲ್ಲೇ. ಅದೇ ಹೊತ್ತಿನಲ್ಲಿ ನೀವು ಎಚ್ಚರವಾಗಿ ಬಿಲ್ ಬರೆಯುವುದನ್ನು ಅವನು ದಿನಾ ನೋಡಲಿ.

ಹೆಂಡತಿ ಬಗ್ಗೆ ಒಂದು ಮಾತು. ಗೊರಕೆಯ ಸದ್ದಿಗಿಂತ, ಅದು ತಟ್ಟನೆ ನಿಂತಾಗ ಪಕ್ಕದಲ್ಲಿ ಮಲಗಿದವರ ಜೀವ ಬಾಯಿಗೆ ಬರುತ್ತದೆ. ಮತ್ತೆ ಉಸಿರು ಬರುತ್ತದಾ ಅಂತ ಕಾಯುತ್ತಾ ಅವರು ಎಷ್ಟು ರಾತ್ರಿ ಕಳೆದಿರಬಹುದು! ಕೋಣೆಗೆ ವಾಪಸ್ ಬಾ ಎನ್ನುವ ಮೊದಲು ಆ ರಾತ್ರಿಗಳ ಬಗ್ಗೆ ಕೇಳಿ, ಅವರು ಹೇಳಿದ್ದನ್ನು ಸುಮ್ನೆ ಕೇಳಿಸಿಕೊಳ್ಳಿ. ಕೋಪ ಬಂದರೂ ಬರಲಿ. ಕಳೆದ ವರ್ಷಗಳ ಬಗ್ಗೆ ನಿಮಗೂ ಸಂಕಟ ಇರುತ್ತದೆ, ಅದನ್ನೂ ಅವರ ಹತ್ತಿರ ಹೇಳಿಕೊಳ್ಳಿ.

ಇನ್ನೊಂದು, ಚೆನ್ನಾಗಿದ್ದೇನೆ ಅಂತ ಮೆಷಿನ್ ಬಿಡಬೇಡಿ. ಬಿಟ್ಟರೆ ಉಸಿರು ಕಟ್ಟುವುದು ಮತ್ತೆ ಶುರುವಾಗುತ್ತದೆ. ಕರೆಂಟ್ ಹೋಗುವ ಊರಾದರೆ ಇನ್ವರ್ಟರ್‌ಗೆ ಜೋಡಿಸಿ. ಮದುವೆಗೆ, ಜಾತ್ರೆಗೆ ಹೋಗಿ ಬೇರೆಯವರ ಮನೆಯಲ್ಲಿ ಉಳಿಯುವಾಗಲೂ ಬಟ್ಟೆಬರೆ ಜೊತೆ ಅದೂ ಬ್ಯಾಗಿನಲ್ಲಿರಲಿ, ನಾಚಿಕೆ ಬೇಡ.