ಬಣ್ಣ ನೋಡಿ ತೀರ್ಪು ಬೇಡ

ನಮಸ್ಕಾರ. ಲಿವರ್ ಗಡ್ಡೆ ಮತ್ತು ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

‘ಬಿಳಿ ಕಂಡರೆ ಹಿಮ್ಯಾಂಜಿಯೋಮಾ, ಭಯವಿಲ್ಲ. ಕಪ್ಪು ಕಂಡರೆ ಕ್ಯಾನ್ಸರ್’ ಎಂದಿದ್ದೀರಿ. ಹಿಮ್ಯಾಂಜಿಯೋಮಾ ಅಂದರೆ ರಕ್ತನಾಳಗಳ ಗಂಟು, ಕ್ಯಾನ್ಸರ್ ಅಲ್ಲ. ಆದರೂ ನಿಮ್ಮ ಈ ಸಾಲು ನಿಜಕ್ಕೂ ಅಪಾಯ. ಸಾದಾ ನೀರುಗುಳ್ಳೆ ಅಚ್ಚ ಕಪ್ಪಗೇ ಕಾಣುತ್ತದೆ, ಅದು ಕ್ಯಾನ್ಸರ್ ಅಲ್ಲ. ನೀರಿನಲ್ಲಿ ಶಬ್ದದ ಅಲೆ ಸಲೀಸಾಗಿ ದಾಟುವುದರಿಂದ ಗುಳ್ಳೆಯ ಹಿಂದಿನ ಜಾಗ ಬೆಳ್ಳಗೆ ಹೊಳೆಯುತ್ತದೆ. ಡಾಕ್ಟರು ಅದನ್ನೂ ಹುಡುಕುತ್ತಾರೆ. ಹಿಮ್ಯಾಂಜಿಯೋಮಾ ಸಾಮಾನ್ಯವಾಗಿ ಬಿಳಿ, ಸರಿ. ಆದರೆ ಕೊಬ್ಬು ತುಂಬಿದ ಲಿವರ್ ತಾನೇ ಬೆಳ್ಳಗಿರುತ್ತದೆ. ಅದರೊಳಗೆ ಅದೇ ಗಂಟು ಕಪ್ಪಗೆ ಕಾಣಬಹುದು. ಕೆಲವು ಕ್ಯಾನ್ಸರ್ ಗಡ್ಡೆಗಳೂ ಬೆಳ್ಳಗಿರುತ್ತವೆ. ನಿಮ್ಮ ಮಾತು ನಂಬಿ ಯಾರಾದರೂ ಮುಂದಿನ ಪರೀಕ್ಷೆ ಬಿಟ್ಟರೆ? ಅಂಚು ಹೇಗಿದೆ, ಜ್ವರ ಇದೆಯಾ, ಮೊದಲೇ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಗಂಟುಗಟ್ಟುವ ಕಾಯಿಲೆ) ಇತ್ತಾ, ಇದೆಲ್ಲ ಸೇರಿಸಿ ನೋಡಬೇಕು. ಕೀವುಗಡ್ಡೆ ಒಂದೊಂದು ಸಲ ಕ್ಯಾನ್ಸರ್ ಹಾಗೇ ಕಾಣುತ್ತದೆ.

ಕಾಂಟ್ರಾಸ್ಟ್ ಸ್ಕ್ಯಾನಿಂಗ್‌ಗೆ ಒಂದೇ ಸಾಲು ಕೊಟ್ಟಿದ್ದೀರಿ. ಅಲ್ಲಿ ಜಾಸ್ತಿ ಬರೆಯಿರಿ. ಕೈಯ ರಕ್ತನಾಳಕ್ಕೆ ಚುಚ್ಚಿದ ಅನಿಲದ ಸಣ್ಣ ಸಣ್ಣ ಗುಳ್ಳೆಗಳು ರಕ್ತದ ಜೊತೆ ಹರಿದು ಲಿವರ್‌ಗೂ ಬಂದು ಸ್ಕ್ಯಾನಿಂಗ್ ತೆರೆಯ ಮೇಲೆ ಹೊಳೆಯುತ್ತವೆ. ಹಿಮ್ಯಾಂಜಿಯೋಮಾ ಅಂಚಿನಿಂದ ಶುರುವಾಗಿ ನಿಧಾನವಾಗಿ ಒಳಕ್ಕೆ ತುಂಬಿಕೊಳ್ಳುತ್ತದೆ. ಸಿರೋಸಿಸ್ ಆದ ಲಿವರ್‌ನಲ್ಲಿ ಹುಟ್ಟುವ ಕ್ಯಾನ್ಸರ್ ಬಹುಮಟ್ಟಿಗೆ ಮೊದಲ ಅರ್ಧ ನಿಮಿಷದಲ್ಲೇ ಬೆಳಗಿ, ನಿಮಿಷ ದಾಟಿದ ಮೇಲೆ ಮಂಕಾಗುತ್ತದೆ. ಬೇರೆ ಕಡೆಯಿಂದ ಹರಡಿದ್ದು ಇನ್ನೂ ಬೇಗ ಮಂಕಾಗುತ್ತದೆ. ಓದುಗರ ಕೈಗೆ ಗಡಿಯಾರ ಕೊಟ್ಟು ಈ ಭಾಗ ಬರೆಯಿರಿ.

‘ಯಕೃತ್ತಿನ ಪಿಂಡ’ ಬೇಡ. ಪಿಂಡ ಅಂದರೆ ನಮ್ಮವರಿಗೆ ತಿಥಿ ನೆನಪಾಗುತ್ತದೆ. ಕಾಯಿಲೆಯವರ ಮನೆಯಲ್ಲಿ ಓದುವ ಲೇಖನ ಅಲ್ವಾ, ಗಡ್ಡೆ ಎಂದೇ ಬರೆಯಿರಿ.

ನಾಲ್ಕನೇ ಪುಟದಲ್ಲಿ ಜಯನಗರದ ಸ್ಕ್ಯಾನಿಂಗ್ ಸೆಂಟರ್ ಬರುತ್ತದೆ. ತಣ್ಣನೆ ಜೆಲ್ ಹಚ್ಚಿದ ಕೂಡಲೇ ನಿಮ್ಮ ಅಮ್ಮ ಸೆರಗು ಬಿಗಿ ಹಿಡಿಯುತ್ತಾರೆ. ಡಾಕ್ಟರು ‘ಉಸಿರು ಎಳ್ಕೊಂಡು ಹಾಗೇ ಹಿಡ್ಕೊಳಿ’ ಅನ್ನುತ್ತಾರೆ. ಅಮ್ಮ ಹೆದರಿ ಕಣ್ಣೂ ಮುಚ್ಚಿಕೊಳ್ಳುತ್ತಾರೆ. ಇದನ್ನು ಓದಿ ನಾನೂ ಉಸಿರು ಹಿಡಿದಿದ್ದೆ. ಲೇಖನ ಇಲ್ಲಿಂದಲೇ ಶುರುವಾಗಲಿ. ಉಸಿರು ಎಳೆದಾಗ ಲಿವರ್ ಪಕ್ಕೆಲುಬಿನ ಕೆಳಗೆ ಇಳಿದು, ಹೊಟ್ಟೆಯ ಮೇಲೆ ಆಡಿಸುವ ಪ್ರೋಬ್‌ಗೆ ಚೆನ್ನಾಗಿ ಸಿಗುತ್ತದೆ ಎಂಬುದನ್ನೂ ಅಲ್ಲೇ ಸೇರಿಸಿ.

ತಿದ್ದಿದ ಮೇಲೆ ಒಬ್ಬ ರೇಡಿಯಾಲಜಿಸ್ಟ್‌ಗೆ ತೋರಿಸಿ ಕಳಿಸಿ. ಜೊತೆಗಿಟ್ಟ ಫಿಲ್ಮ್ ಫೋಟೊದ ಮೇಲ್ಗಡೆ ಅಮ್ಮನ ಹೆಸರು, ವಯಸ್ಸು ಕಾಣುತ್ತಿದೆ. ಅದನ್ನು ಮುಚ್ಚಿ ಇನ್ನೊಂದು ಫೋಟೊ ತೆಗೆಯಿರಿ.